ಕರೆದುಕೊಂಡು ಹೋಗಲು ಯಾರು ಬರುತ್ತಾರೆ?

ಶಿವಮೊಗ್ಗಕ್ಕೆ ಫೋನ್ ಮಾಡಿದಾಗ ಅಮ್ಮನ ಪಕ್ಕದಲ್ಲಿ ಯಾರಾದರೂ ಕೂತಿದ್ದರೆ ಫೋನ್ ತಪ್ಪದೇ ಅವರ ಕೈಗೆ ಹೋಗುತ್ತದೆ. ಅತ್ತೆ ಇರಲಿ, ಎದುರುಮನೆ ಆಂಟಿ ಇರಲಿ, ಕೇಳುವುದು ಅದನ್ನೇ. "ಆ ಊರಲ್ಲಿ ಒಬ್ಬಳೇ ಇರ್ತೀಯಲ್ಲಮ್ಮ, ಭಯ ಆಗಲ್ವಾ?" ಇಲ್ಲ ಆಂಟಿ ಅಂತ ಹೇಳಿ ಮಾತು ಬದಲಾಯಿಸುತ್ತೇನೆ. ಫೋನಿನಲ್ಲಿ ಎರಡು ನಿಮಿಷಕ್ಕೆ ಮುಗಿಯುವ ಉತ್ತರ ಅದಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಭಯದ ವಿಷಯ ಮುಗಿಸಿಬಿಡುತ್ತೇನೆ. ನಾನಿರುವುದು ಜರ್ಮನಿಯ ಮ್ಯೂನಿಕ್‌ನಲ್ಲಿ. ರಾತ್ರಿ ಹನ್ನೊಂದು ಗಂಟೆಗೆ ಮೆಟ್ರೋ ಇಳಿದು ಮನೆಗೆ ನಡೆದುಕೊಂಡೇ ಹೋಗುತ್ತೇನೆ. ಊರಲ್ಲಿದ್ದಾಗ ಒಂಬತ್ತಾದ ಮೇಲೆ ಬಸ್‌ಸ್ಟ್ಯಾಂಡಿಗೆ ಒಬ್ಬಳನ್ನೇ ಅಪ್ಪ ಕಳಿಸುತ್ತಿರಲಿಲ್ಲ. ಹಾಗಂತ ಇಲ್ಲಿ ಏನೂ ಆಗುವುದೇ ಇಲ್ಲ ಅಂತಲ್ಲ. ರೈಲಿನಲ್ಲಿ ಇಡೀ ಬೋಗಿ ಖಾಲಿ ಇದ್ದರೂ ಪಕ್ಕದಲ್ಲೇ ಬಂದು ಕೂರುವ ಗಂಡಸು ಇಲ್ಲೂ ಇದ್ದಾನೆ. ಕುಡಿದು ಹಿಂದೆ ಹಿಂದೆ ಬರುವವನೂ ಇದ್ದಾನೆ. ಅಕ್ಟೋಬರ್‌ಫೆಸ್ಟ್ ಎಂಬ ಬಿಯರ್ ಜಾತ್ರೆಯಲ್ಲಿ ತೊಂದರೆಗೆ ಸಿಕ್ಕ ಹುಡುಗಿಯರು ಹೋಗಿ ಕೂರಬಹುದಾದ ಒಂದು ಸಹಾಯ ಕೇಂದ್ರವನ್ನು 2003ರಿಂದ ನಡೆಸುತ್ತಿದ್ದಾರೆ. ರಾತ್ರಿ ಟ್ಯಾಕ್ಸಿಯಲ್ಲಿ ಓಡಾಡುವ ಹೆಂಗಸರಿಗೆ ರಿಯಾಯಿತಿ ಕೂಪನ್ ಕೊಡುವುದನ್ನು ನಗರಸಭೆ 2020ರಲ್ಲಿ ಶುರುಮಾಡಿತು. 'ಹೈಮ್‌ವೇಗ್‌ಟೆಲಿಫೋನ್' ಅಂತ ಇನ್ನೊಂದಿದೆ. 2011ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ್ದು. ರಾತ್ರಿ ಒಬ್ಬರೇ ನಡೆದು ಹೋಗುವಾಗ ಆ ನಂಬರಿಗೆ ಫೋನ್ ಮಾಡಿದರೆ, ಮನೆ ಮುಟ್ಟುವವರೆಗೆ ಸ್ವಯಂಸೇವಕರು ಮಾತಾಡುತ್ತಾ ಇರುತ್ತಾರೆ. ಊರು ಅಷ್ಟು ಸುರಕ್ಷಿತವಾಗಿದ್ದರೆ ಇದೆಲ್ಲ ಯಾಕೆ ಬೇಕು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಲ್ಲೂ ಬೇಕಾಗಿದೆ, ಅದಕ್ಕೇ ಇದೆ. ಆದರೆ ಅದು ಇದೆ ಅನ್ನುವುದೇ ನನಗೆ ಅರ್ಧ ಧೈರ್ಯ.

ಭಯದ್ದು ಇಷ್ಟೇ. ನನ್ನನ್ನು ನಿಜವಾಗಿ ಸುಸ್ತು ಮಾಡುವುದು ಬೇರೆ. ಈ ದೇಶದ ಪ್ರತಿಯೊಂದು ಅರ್ಜಿಯಲ್ಲೂ, ಪ್ರತಿಯೊಂದು ಏರ್ಪಾಡಿನಲ್ಲೂ "ನಿಮ್ಮ ಜೊತೆ ಇನ್ನೊಬ್ಬರು ಇದ್ದೇ ಇರುತ್ತಾರಲ್ವಾ" ಅನ್ನುವ ನಂಬಿಕೆ ಕೂತಿದೆ. ತಮಾಷೆ ಏನೆಂದರೆ, ಜರ್ಮನಿಯಲ್ಲಿ ಸುಮಾರು 1.7 ಕೋಟಿ ಜನ ಒಬ್ಬೊಬ್ಬರೇ ವಾಸ ಮಾಡುತ್ತಾರೆ. ಐವರಲ್ಲಿ ಒಬ್ಬರು. ಆದರೂ ಆ ಇನ್ನೊಬ್ಬರು ಎಲ್ಲ ಕಡೆ ಬೇಕು.

ಮನೆ ಹುಡುಕುವಾಗ ಮಾತ್ರ ಒಬ್ಬಳೇ ಆಗಿದ್ದದ್ದು ಉಪಯೋಗಕ್ಕೆ ಬಂತು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ "ಫ್ಯಾಮಿಲಿಗೆ ಮಾತ್ರ" ಅನ್ನುವ ಬೋರ್ಡು ನೋಡಿ ನೋಡಿ ಸಾಕಾಗಿತ್ತು. ಇಲ್ಲಿ ಓನರ್ ಖುಷಿಯಾಗಿಯೇ ಕೇಳಿದರು: ಒಬ್ಬರೇನಾ? ಸಿಗರೇಟ್ ಸೇದಲ್ವಾ? ನಾಯಿ ಇಲ್ವಾ? ವಾದ್ಯ ನುಡಿಸಲ್ವಾ? ನಾಲ್ಕಕ್ಕೂ ನನ್ನ ಉತ್ತರ ಅವರಿಗೆ ಹಿಡಿಸಿತು. ಆದರೆ ಅಲ್ಲಿಗೆ ಬರುವ ಮೊದಲು ಮೂರು ತಿಂಗಳ ಸಂಬಳದ ಚೀಟಿ, ಸಾಲದ ಚರಿತ್ರೆ ಹೇಳುವ 'ಶುಫಾ' ಕಾಗದ, ಎಲ್ಲ ಕೊಡಬೇಕು. ಹೊಸದಾಗಿ ಬಂದವರಿಗೆ ಶುಫಾದಲ್ಲಿ ಚರಿತ್ರೆ ಎಲ್ಲಿಂದ ಬರಬೇಕು? ಈ ನಡುವೆ ಮೋಸದವರ ಕಾಟ. "ನಾನು ಬೇರೆ ದೇಶದಲ್ಲಿದ್ದೇನೆ, ಅಡ್ವಾನ್ಸ್ ಕಳಿಸಿ, ಬೀಗದ ಕೈ ಪೋಸ್ಟಲ್ಲಿ ಬರುತ್ತೆ" ಅಂತ ಯಾರಾದರೂ ಬರೆದರೆ ಅಲ್ಲಿಗೇ ಬಿಟ್ಟುಬಿಡಿ. ಮನೆಯನ್ನು ಕಣ್ಣಾರೆ ನೋಡದೆ ಒಂದು ಯೂರೋ ಕೂಡ ಕೊಡಬೇಡಿ.

ಮನೆ ಸಿಕ್ಕರೂ ಅದರೊಳಗೆ ಅಡುಗೆಮನೆ ಇರುತ್ತದೆ ಅಂತಿಲ್ಲ. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಹಿಂದಿನವರು ಒಲೆ, ಸಿಂಕ್, ಕಪಾಟು ಎಲ್ಲ ಕಿತ್ತುಕೊಂಡು ಹೋಗಿರುತ್ತಾರೆ. ಗೋಡೆಯಲ್ಲಿ ನೀರಿನ ಪೈಪು ಮಾತ್ರ ಉಳಿದಿರುತ್ತದೆ. ಆರಡಿ ಕಪಾಟಿನ ಹಲಗೆಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಸ್ಕ್ರೂ ತಿರುಗಿಸಿ ನೋಡಿ. ಜೋಡಿಸುವ ಪುಸ್ತಕದ ಮೊದಲ ಪುಟದಲ್ಲೇ ಒಬ್ಬ ಮನುಷ್ಯನ ಚಿತ್ರಕ್ಕೆ ಅಡ್ಡಗೆರೆ ಹಾಕಿ, ಪಕ್ಕದಲ್ಲಿ ನಗುವ ಇಬ್ಬರ ಚಿತ್ರ ಹಾಕಿರುತ್ತಾರೆ!

ಇಲ್ಲಿ ಕರೆಗಂಟೆಯ ಮೇಲೆ ಮನೆ ನಂಬರ್ ಇರುವುದಿಲ್ಲ, ಸರ್‌ನೇಮ್ ಇರುತ್ತದೆ. ಒಬ್ಬಳೇ ಇರುವವಳು ಪೂರ್ತಿ ಹೆಸರು ಹಾಕಬೇಡ ಅಂತ ಆಫೀಸಿನ ಗೆಳತಿ ಹೇಳಿದಳು. ನಮ್ಮ ಕಡೆಯ ಎಷ್ಟೋ ಜನರ ಹಾಗೆ ನನ್ನ ಪಾಸ್‌ಪೋರ್ಟಿನಲ್ಲೂ ಸರ್‌ನೇಮ್ ಜಾಗದಲ್ಲಿರುವುದು ಅಪ್ಪನ ಹೆಸರು. ಹಾಗಾಗಿ ಬಾಗಿಲಲ್ಲಿ, ಅಂಚೆ ಡಬ್ಬಿಯಲ್ಲಿ ಎಲ್ಲ ಕಡೆ ಅಪ್ಪನೇ. ಅವರಿಗೆ ಫೋಟೋ ಕಳಿಸಿದೆ. "ಬಾಡಿಗೆ ಮಾತ್ರ ನೀನೇ ಕಟ್ಟು" ಅಂದರು.

ಬಾಡಿಗೆ ಅಂದಾಗ ನೆನಪಾಯಿತು. ಒಬ್ಬರೇ ಇರುವುದು ದುಬಾರಿ. ಮ್ಯೂನಿಕ್‌ನಲ್ಲಿ ಒಂದು ಕೋಣೆಯ ಮನೆಗೆ ತಿಂಗಳಿಗೆ ಸಾವಿರ ಯೂರೋ ದಾಟುವುದು ಮಾಮೂಲು. ರೇಡಿಯೋ-ಟಿವಿ ಶುಲ್ಕ ಅಂತ ತಿಂಗಳಿಗೆ 18.36 ಯೂರೋ ಇದೆ. ಅದು ತಲೆಗಲ್ಲ, ಮನೆಗೆ. ಐದು ಜನರ ಮನೆಯೂ ಅಷ್ಟೇ ಕೊಡುತ್ತದೆ, ನಾನೂ ಅಷ್ಟೇ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯ ಸುತ್ತಲು ಒಂದು ದಿನದ ರೈಲು ಟಿಕೆಟ್ ಇದೆ. ಮೊದಲನೆಯವರಿಗೆ ಪೂರ್ತಿ ದರ, ಜೊತೆಗೆ ಬರುವ ಒಬ್ಬೊಬ್ಬರಿಗೂ ಸ್ವಲ್ಪ ಸ್ವಲ್ಪವೇ ಜಾಸ್ತಿ. ಆ ಮೊದಲನೆಯವರು ಯಾವಾಗಲೂ ನಾನೇ. ತೆರಿಗೆಯಲ್ಲೂ ಅದೇ ಕಥೆ. ನನ್ನಷ್ಟೇ ಸಂಬಳದ ಸಹೋದ್ಯೋಗಿಯ ಹೆಂಡತಿ ಕೆಲಸಕ್ಕೆ ಹೋಗದಿದ್ದರೆ, ಅವನ ಕೈಗೆ ಬರುವುದು ನನಗಿಂತ ಜಾಸ್ತಿ. ಇದನ್ನು ಅಮ್ಮನಿಗೆ ಹೇಳಬಾರದಿತ್ತು. "ನೋಡು, ಮದುವೆ ಆಗು ಅಂತ ಸರ್ಕಾರಾನೂ ಹೇಳ್ತಿದೆ" ಅಂದಳು.

ದುಡ್ಡಿನದು ಹೇಗೋ ನಡೆಯುತ್ತದೆ. ಮೈ ಕೆಟ್ಟಾಗ ಬರುವ ಕಷ್ಟವೇ ಬೇರೆ. ಭಾನುವಾರ ಜ್ವರ ಬಂದರೆ ಹೆಚ್ಚುಕಡಿಮೆ ಎಲ್ಲ ಅಂಗಡಿಗಳೂ ಮುಚ್ಚಿರುತ್ತವೆ. ಸರದಿಯ ಮೇಲೆ ಯಾವುದೋ ಒಂದು ಔಷಧಿ ಅಂಗಡಿ ತೆರೆದಿರುತ್ತದೆ. ಅದು ಯಾವ ಮೂಲೆಯಲ್ಲಿದೆ ಅಂತ ಹುಡುಕಿ, ಜ್ವರದಲ್ಲೇ ಬಸ್ಸು ಹತ್ತಿ ಹೋಗಬೇಕು. ಹೆಂಗಸರ ಡಾಕ್ಟರ ಹತ್ತಿರ ಹೋದರೆ ಇನ್ನೊಂದು ಗಾಬರಿ. ಇಲ್ಲಿ ಪರೀಕ್ಷೆಯ ಹೊತ್ತಿಗೆ ಮೈಮೇಲೆ ಹೊದೆಯಲು ಬಟ್ಟೆ ಕೊಡುವ ರೂಢಿಯಿಲ್ಲ. ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. ಉದ್ದ ಕುರ್ತಾ ಹಾಕಿಕೊಂಡು ಹೋಗಿ, ಅರ್ಧ ಸಂಕೋಚ ಕಡಿಮೆಯಾಗುತ್ತದೆ.

ಹೋದ ವರ್ಷ ಹೊಟ್ಟೆನೋವು ಬಿಡದೇ ಇದ್ದಾಗ ಎಂಡೋಸ್ಕೋಪಿ ಮಾಡಿಸಬೇಕು ಅಂದರು. ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ಒಂದು ಫಾರಂ ಕೊಟ್ಟರು. ಹೆಸರು, ವಿಳಾಸ, ಅಲರ್ಜಿ ಎಲ್ಲ ತುಂಬಿದೆ. ಕೊನೆಯಲ್ಲಿ ಒಂದು ಪ್ರಶ್ನೆ: ನಿಮ್ಮನ್ನು ಕರೆದುಕೊಂಡು ಹೋಗಲು ಯಾರು ಬರುತ್ತಾರೆ? ಹೆಸರು, ಫೋನ್ ನಂಬರ್.

"ಟ್ಯಾಕ್ಸಿ ಮಾಡಿಕೊಂಡು ಹೋಗ್ತೀನಿ" ಅಂದೆ.

"ಆಗಲ್ಲ. ಮಂಪರು ಬರುವ ಇಂಜೆಕ್ಷನ್ ಕೊಡ್ತೀವಿ. ನಿಮ್ಮ ಜೊತೆ ದೊಡ್ಡವರು ಒಬ್ಬರು ಇರಬೇಕು. ರಾತ್ರಿ ಮನೆಯಲ್ಲೂ ಯಾರಾದರೂ ಇರಬೇಕು. ಗಂಡ ಇಲ್ವಾ?"

"ಇಲ್ಲ."

"ಪಾರ್ಟ್ನರ್?"

"ಇಲ್ಲ."

ಆಕೆ ಒರಟಾಗಿ ಏನೂ ಕೇಳಲಿಲ್ಲ. ಪೆನ್ನು ಹಿಡಿದು ಕಾಯುತ್ತಿದ್ದರು, ಅಷ್ಟೇ. ಇಂಜೆಕ್ಷನ್ ಬೇಡ ಅಂದರೆ ಗಂಟಲಿಗೆ ಸ್ಪ್ರೇ ಹೊಡೆದು ಎಚ್ಚರದಲ್ಲೇ ಪೈಪು ಇಳಿಸುತ್ತಾರಂತೆ. ಯೋಚಿಸಿ ಹೇಳುತ್ತೇನೆ ಅಂತ ಬಂದೆ. ಆಫೀಸಿನಲ್ಲಿ ಗೆಳೆಯರು ಇದ್ದಾರೆ. ಆದರೆ ವಾರದ ನಡುವೆ ಅರ್ಧ ದಿನ ರಜೆ ಹಾಕಿ ನನ್ನ ಹೊಟ್ಟೆಯ ವಿಷಯಕ್ಕೆ ಬಾ ಅಂತ ಕೇಳಲು ಬಾಯಿ ಬರುವುದಿಲ್ಲ. ಶಿವಮೊಗ್ಗದಲ್ಲಾದರೆ ಬೇಡ ಅಂದರೂ ನಾಲ್ಕು ಜನ ಆಸ್ಪತ್ರೆ ಬೆಂಚಿನ ಮೇಲೆ ಕೂತಿರುತ್ತಿದ್ದರು. ಅದರಲ್ಲಿ ಒಬ್ಬರಿಗೆ ಕಾಯಿಲೆ ಏನು ಅಂತಲೂ ಗೊತ್ತಿರುತ್ತಿರಲಿಲ್ಲ.

ಕೆಳಗಿನ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬರು ಅಜ್ಜಿ ಇದ್ದಾರೆ. ಅವರೂ ಒಬ್ಬರೇ. ನನ್ನ ಪಾರ್ಸೆಲ್‌ಗಳೆಲ್ಲ ಅವರ ಮನೆಗೇ ಹೋಗುತ್ತವೆ. ನಾನು ಇಲ್ಲದಾಗ ಪೋಸ್ಟ್‌ನವರು ಅಲ್ಲಿ ಕೊಟ್ಟು ಚೀಟಿ ಅಂಟಿಸಿ ಹೋಗುತ್ತಾರೆ. ಅಂಥದ್ದೇ ಒಂದು ಪಾರ್ಸೆಲ್ ತರಲು ಹೋದಾಗ ಸುಮ್ನೆ ಮಾತಿಗೆ ಹೇಳಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡಿ "ಮಂಗಳವಾರ ಆಗುತ್ತೆ, ಬುಧವಾರ ನನಗೆ ಈಜು ಕ್ಲಾಸು" ಅಂದರು.

ಮಂಗಳವಾರ ಟೋಪಿ ಹಾಕಿಕೊಂಡು, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಬಂದರು. ನಾನು ಒಳಗಿದ್ದಷ್ಟು ಹೊತ್ತೂ ಪದಬಂಧ ತುಂಬುತ್ತಾ ಕೂತಿದ್ದರಂತೆ. ಎಚ್ಚರವಾದಾಗ ನನ್ನ ಕೋಟು ಅವರ ತೊಡೆಯ ಮೇಲಿತ್ತು, ಶೂಗಳು ಅವರ ಕಾಲ ಬಳಿ ಜೋಡಿಸಿಟ್ಟಿದ್ದವು. ಫಾರಂನಲ್ಲಿ 'ರೋಗಿಗೆ ಏನಾಗಬೇಕು' ಅನ್ನುವ ಕಡೆ 'ಕೆಳಗಿನ ಮನೆ' ಅಂತ ಬರೆದಿದ್ದರು. ಸಂಜೆ ಎರಡು ಸಲ ಬಂದು ಬೆಲ್ ಮಾಡಿದರು. ಎರಡನೇ ಸಲ ಕ್ಯಾರೆಟ್ ಸೂಪು ತಂದಿದ್ದರು, ಉಪ್ಪಿಲ್ಲ, ಖಾರವಿಲ್ಲ. ಉಪ್ಪಿನಕಾಯಿ ಹಾಕಿಕೊಂಡು ಕುಡಿಯುವ ಆಸೆಯನ್ನು ಹೊಟ್ಟೆ ನೋಡಿ ಬಿಟ್ಟೆ.

ಈಗ ಅವರ ಬೀಗದ ಕೈ ನನ್ನ ಹತ್ತಿರ, ನನ್ನದು ಅವರ ಹತ್ತಿರ. ಇಲ್ಲಿಯ ಬಾಗಿಲುಗಳಿಗೆ ಹೊರಗೆ ಹಿಡಿ ತಿರುಗುವುದಿಲ್ಲ, ಎಳೆದರೆ ಮುಚ್ಚಿಕೊಂಡೇ ಬಿಡುತ್ತದೆ, ಬೀಗದ ಕೈ ಒಳಗೇ ಉಳಿದರೆ ನಾವು ಹೊರಗೆ. ರಾತ್ರಿ ಹೊತ್ತು ಬೀಗ ತೆಗೆಯುವವರನ್ನು ಕರೆದರೆ ನೂರಾರು ಯೂರೋ ಕೀಳುವವರು ಇದ್ದಾರೆ ಅಂತ ಗ್ರಾಹಕರ ಸಂಘಗಳೇ ಎಚ್ಚರಿಸುತ್ತವೆ. ಹೋದ ತಿಂಗಳು ಅಜ್ಜಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಫಾರಂನಲ್ಲಿ ಈ ಸಲ ನನ್ನ ನಂಬರ್. ರಿಸೆಪ್ಷನ್‌ನವರು ನನ್ನನ್ನು ನೋಡಿ ಮಗಳಾ ಅಂತ ಕೇಳಲಿಲ್ಲ, ಕೇಳುವಷ್ಟು ಹೋಲಿಕೆ ಎಲ್ಲಿದೆ!

ಇನ್ನು ಪ್ರವಾಸ. ಒಬ್ಬಳೇ ತಿರುಗುವುದು ನನಗೆ ಇಷ್ಟ. ಎಷ್ಟೊತ್ತಿಗೆ ಬೇಕಾದರೂ ಏಳಬಹುದು, ಒಂದೇ ಚಿತ್ರದ ಮುಂದೆ ಅರ್ಧ ಗಂಟೆ ನಿಲ್ಲಬಹುದು, ಬೇಜಾರಾದರೆ ಮ್ಯೂಸಿಯಂ ಬಿಟ್ಟು ಐಸ್‌ಕ್ರೀಂ ತಿನ್ನಬಹುದು. ಜರ್ಮನಿಯ ರೆಸಿಡೆನ್ಸ್ ಕಾರ್ಡ್ ಇದ್ದರೆ ಷೆಂಗೆನ್‌ನ (ನಡುವೆ ಗಡಿ ತಪಾಸಣೆ ತೆಗೆದುಹಾಕಿರುವ ಯೂರೋಪಿನ ದೇಶಗಳ ಕೂಟ) ಬೇರೆ ದೇಶಗಳಿಗೆ 180 ದಿನಗಳಲ್ಲಿ 90 ದಿನದವರೆಗೆ ವೀಸಾ ಇಲ್ಲದೆ ಹೋಗಿಬರಬಹುದು. ಲಂಡನ್‌ಗೆ ಮಾತ್ರ ನಮ್ಮ ಪಾಸ್‌ಪೋರ್ಟಿಗೆ ಬೇರೆ ವೀಸಾ ಬೇಕು.

ಕಷ್ಟ ಇರುವುದು ಟಾಯ್ಲೆಟ್‌ನಲ್ಲಿ. ನಗಬೇಡಿ. ಗಂಡ-ಹೆಂಡತಿ ಹೋದರೆ ಒಬ್ಬರು ಸೂಟ್‌ಕೇಸ್ ಕಾಯುತ್ತಾರೆ. ಒಬ್ಬಳೇ ಹೋದವಳು ಸೂಟ್‌ಕೇಸ್, ಬೆನ್ನ ಚೀಲ, ಕೋಟು ಎಲ್ಲ ಹೊತ್ತುಕೊಂಡು ಸ್ಟೇಷನ್ನಿನ ಟಾಯ್ಲೆಟ್ಟಿನ ತಿರುಗುವ ಗೇಟಿಗೆ ಒಂದು ಯೂರೋ ಹಾಕಿ, ಆ ಸಂದಿಯಲ್ಲಿ ನುಗ್ಗಬೇಕು. ಒಳಗೆ ಸೂಟ್‌ಕೇಸ್ ಇಟ್ಟರೆ ಬಾಗಿಲು ಹಾಕಲು ಬರುವುದಿಲ್ಲ. ಹಾಗಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಹುಡುಗಿಯರು ಎಷ್ಟೋ ಜನ. ಅದೂ ಆರೋಗ್ಯಕ್ಕೆ ಒಳ್ಳೆಯದಲ್ಲ. ನನ್ನ ಉಪಾಯ ಇಷ್ಟೇ: ಕ್ಯಾಬಿನ್ ಬ್ಯಾಗಿಗಿಂತ ದೊಡ್ಡದನ್ನು ಒಯ್ಯುವುದೇ ಇಲ್ಲ.

ರಾತ್ರಿ ರೈಲಿಗೆ ಬೇರೆ ಲೆಕ್ಕ. ಆಸ್ಟ್ರಿಯಾದ ನೈಟ್‌ಜೆಟ್ ರೈಲುಗಳಲ್ಲಿ ಹೆಂಗಸರಿಗೇ ಬೇರೆ ಕಂಪಾರ್ಟ್‌ಮೆಂಟ್ ಇರುತ್ತದೆ. ಬುಕ್ ಮಾಡುವಾಗಲೇ ಕೇಳಿಕೊಳ್ಳಬೇಕು. ಒಳಗಿನಿಂದ ಚಿಲಕ ಹಾಕಿದ ಮೇಲೆ ನಮ್ಮ ಲೇಡೀಸ್ ಹಾಸ್ಟೆಲ್ಲಿನದೇ ವಾತಾವರಣ. ಯಾರೋ ಕೂದಲು ಬಾಚಿಕೊಳ್ಳುತ್ತಾರೆ, ಯಾರೋ ಬಿಸ್ಕತ್ ಹಂಚುತ್ತಾರೆ. ಹಗಲಿನ ರೈಲುಗಳ ಮೇಲೆ ಮಾತ್ರ ಅಷ್ಟು ಭರವಸೆ ಇಡಬೇಡಿ. ಜರ್ಮನಿ ಅಂದರೆ ಗಡಿಯಾರ ಅನ್ನುವ ನಂಬಿಕೆ ಊರಿನಲ್ಲಿ ಇನ್ನೂ ಇದೆ. 2024ರಲ್ಲಿ ಇಲ್ಲಿಯ ದೂರದ ರೈಲುಗಳಲ್ಲಿ ಮೂರಕ್ಕೆ ಒಂದಕ್ಕಿಂತ ಹೆಚ್ಚು ತಡವಾಗಿ ಬಂದಿವೆ. ಗಂಡಸರಿಗೆ ಅದು ಬರೀ ಬೇಜಾರು. ಒಬ್ಬಳೇ ಇರುವವಳಿಗೆ ಅದು ಯಾವುದೋ ಸಣ್ಣ ಜಂಕ್ಷನ್ನಿನಲ್ಲಿ, ಅಂಗಡಿ ಮುಚ್ಚಿ ಸಿಬ್ಬಂದಿ ಮನೆಗೆ ಹೋದ ಮೇಲೆ, ನಡುರಾತ್ರಿ ಒಂದು ಗಂಟೆ ಕಾಯುವುದು. ಹಾಗಾಗಿ ದಿನದ ಕೊನೆಯ ರೈಲಿಗೆ ನಾನು ಟಿಕೆಟ್ ಮಾಡುವುದಿಲ್ಲ. ಅದಕ್ಕಿಂತ ಎರಡು ರೈಲು ಮುಂಚಿನದು. ಕಾಯಲೇಬೇಕಾದರೆ ಪ್ಲಾಟ್‌ಫಾರ್ಮಿನ ತುರ್ತು ಕರೆಯ ಕಂಬದ ಪಕ್ಕ ನಿಲ್ಲುತ್ತೇನೆ.

ಹೋಟೆಲಿನಲ್ಲಿ ಒಬ್ಬಳೇ ಊಟಕ್ಕೆ ಕೂರುವುದು ಮೊದಮೊದಲು ಮುಜುಗರ ಅನ್ನಿಸುತ್ತಿತ್ತು. ಈಗ ಏನೂ ಇಲ್ಲ. ಟಾಯ್ಲೆಟ್ ಬಾಗಿಲ ಪಕ್ಕದ ಟೇಬಲ್ ಕೊಟ್ಟರೆ ಬೇಡ, ಕಿಟಕಿ ಹತ್ತಿರದ್ದು ಕೊಡಿ ಅಂತ ಕೇಳುತ್ತೇನೆ.

ಕನ್ನಡದವರ ಸಂಗ ಇಲ್ವಾ ಅಂತ ಕೇಳುತ್ತೀರಿ. ಇದೆ. ಯುಗಾದಿಗೆ, ರಾಜ್ಯೋತ್ಸವಕ್ಕೆ ಸೇರುತ್ತೇವೆ, ಬಿಸಿಬೇಳೆ ಭಾತ್ ಸಿಗುತ್ತದೆ. ಬಂದವರಲ್ಲಿ ಹೆಚ್ಚಿನವರು ಸಂಸಾರಸ್ಥರು. ಮಕ್ಕಳ ಶಾಲೆಯ ಮಾತು ಮುಗಿದ ಮೇಲೆ ಒಬ್ಬರಾದರೂ "ನಿಮ್ಮೋರು ಯಾಕೆ ಬರ್ಲಿಲ್ಲ?" ಅನ್ನುತ್ತಾರೆ. ಒಳ್ಳೆಯವರೇ. ಕಷ್ಟ ಅಂದರೆ ಓಡಿ ಬರುವವರು ಕೂಡ. ಆದರೆ ಅವರು ಊರಾಚೆಯ ದೊಡ್ಡ ಮನೆಗಳಲ್ಲಿ, ನನ್ನಿಂದ ಒಂದು ಗಂಟೆ ದೂರದಲ್ಲಿದ್ದಾರೆ.

ಇಲ್ಲಿಗೆ ಬರಬೇಕು ಅಂತಿರುವ ಹುಡುಗಿಯರಿಗೆ ಕೆಲವು ಮಾತು. 112 ಆಂಬುಲೆನ್ಸ್, 110 ಪೊಲೀಸ್, 116117 ಕ್ಲಿನಿಕ್ ಮುಚ್ಚಿದ ಮೇಲೆ ಡಾಕ್ಟರ್ ಬೇಕಾದರೆ. 116016 ಹಿಂಸೆಗೆ ಸಿಕ್ಕ ಹೆಂಗಸರಿಗಾಗಿ ಇರುವ ಸಹಾಯವಾಣಿ, ಹಗಲೂ ರಾತ್ರಿಯೂ ಇರುತ್ತದೆ, ದುಡ್ಡು ಬೀಳುವುದಿಲ್ಲ, ಇಂಗ್ಲಿಷಿನಲ್ಲೂ ಮಾತಾಡುತ್ತಾರೆ. ನಾಲ್ಕನ್ನೂ ಫೋನಿನಲ್ಲಿ ಹಾಕಿಕೊಳ್ಳಿ. ತುರ್ತಿಗೆ ಯಾರನ್ನು ಕರೆಯಬೇಕು ಅನ್ನುವ ಕಡೆ ಎಲ್ಲರೂ ಅಪ್ಪ-ಅಮ್ಮನ ನಂಬರ್ ಬರೆಯುತ್ತಾರೆ. ಬರೆಯಬೇಡಿ. ಇಲ್ಲಿ ರಾತ್ರಿ ಹನ್ನೊಂದು ಅಂದರೆ ಅಲ್ಲಿ ನಸುಕಿನ ಎರಡೂವರೆ, ಚಳಿಗಾಲದಲ್ಲಿ ಮೂರೂವರೆ. ಆ ಹೊತ್ತಿನಲ್ಲಿ ಯಾರೋ ಜರ್ಮನ್‌ನಲ್ಲಿ ಮಾತಾಡಿದರೆ ಅಪ್ಪ ಏನು ಮಾಡಬೇಕು? ಹತ್ತು ನಿಮಿಷದಲ್ಲಿ ನಿಮ್ಮ ಬಾಗಿಲಿಗೆ ಬರಬಲ್ಲವರ ನಂಬರ್ ಬರೆಯಿರಿ. ಅಂಥವರು ಇನ್ನೂ ಇಲ್ಲ ಅಂದರೆ, ಬಂದ ಮೊದಲ ವಾರವೇ ಒಂದು ಡಬ್ಬಿ ಚಕ್ಕುಲಿ ಹಿಡಿದು ಪಕ್ಕದ ಮನೆಯ ಬೆಲ್ ಮಾಡಿ. ಭಾನುವಾರ ಮಧ್ಯಾಹ್ನ ಮಾತ್ರ ಮಾಡಬೇಡಿ, ಆ ಹೊತ್ತಿನಲ್ಲಿ ಸದ್ದಾದರೆ ಇವರಿಗೆ ಸಿಟ್ಟು ಬರುತ್ತದೆ.