ಕಕ್ಕಡದ ಮಳೆಯಲ್ಲಿ ‘ಸೆಲೆಬ್ರೇಷನ್ ಡೇ’ ಕೇಳುವ ಬಗೆ

ಬ್ರಿಟನ್ನಿನ ರಾಕ್ ತಂಡ ಲೆಡ್ ಝೆಪೆಲಿನ್ 2007ರ ಡಿಸೆಂಬರ್ 10ರಂದು ಲಂಡನ್ನಿನ ಓ2 ಅರೀನಾದಲ್ಲಿ ಮತ್ತೆ ಒಂದಾಗಿ ನುಡಿಸಿದ 16 ಹಾಡುಗಳ ಮುದ್ರಣವೇ ‘ಸೆಲೆಬ್ರೇಷನ್ ಡೇ’. ಇದರಲ್ಲಿ ಮೊದಲು ಕಿವಿಗೊಡಬೇಕಾದದ್ದು ಗಿಟಾರಿಗಲ್ಲ, ಡ್ರಮ್ಸಿಗೆ. 1980ರಲ್ಲಿ ಡ್ರಮ್ಮರ್ ಜಾನ್ ಬೋನಮ್ ತೀರಿಕೊಂಡ ಮೇಲೆ ಮುಗಿದುಹೋದ ತಂಡವಿದು. 1985ರ ಸಹಾಯಾರ್ಥ ಸಂಗೀತ ಕಾರ್ಯಕ್ರಮ ಲೈವ್ ಏಡ್‌ನಲ್ಲಿ ಬೇರೆ ಡ್ರಮ್ಮರುಗಳನ್ನು ಕೂರಿಸಿಕೊಂಡು, ಸಾಕಷ್ಟು ಅಭ್ಯಾಸವಿಲ್ಲದೆ ನುಡಿಸಿ ಸೋತಿತ್ತು. ಓ2ನಲ್ಲಿ ಡ್ರಮ್ಸ್ ಹಿಂದೆ ಕೂತವನು ಬೋನಮ್ ಮಗ ಜೇಸನ್. ಅವನು ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮೂ ಜಾನ್ ಪಾಲ್ ಜೋನ್ಸ್‌ನ ಬಾಸ್ ಗಿಟಾರೂ ಒಂದಕ್ಕೊಂದು ಆತುಕೊಂಡು ನಡೆಯುವುದೇ ಈ ಮುದ್ರಣದ ಜೀವ. ಅದು ಕೇಳಿಸದಿದ್ದರೆ ಉಳಿದದ್ದೆಲ್ಲ ಬರೀ ಗದ್ದಲ.

ಕೊಡಗಿನ ಮಳೆಗಾಲದಲ್ಲಿ ಮೊದಲು ಕಳೆದುಹೋಗುವುದೂ ಅದೇ. ತಗಡಿನ ಮಾಡಿನ ಮೇಲೆ ಕಕ್ಕಡದ (ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆ ಬಿದ್ದರೆ ಹಾಡಿನ ಮೆಲುದನಿಯ ಭಾಗಗಳು ಪೂರ್ತಿ ಮುಚ್ಚಿಹೋಗುತ್ತವೆ. ಆಗ ವಾಲ್ಯೂಮ್ ಏರಿಸುತ್ತೇವೆ, ಜೊತೆಗೆ ತಗ್ಗು ದನಿ ಹೆಚ್ಚಿಸುವ ಬಾಸ್ ನಾಬನ್ನೂ ತಿರುಗಿಸುತ್ತೇವೆ. ಸಣ್ಣ ಆಂಪ್ಲಿಫೈಯರ್ ತನ್ನ ಮಿತಿ ಮುಟ್ಟಿ ಶಬ್ದದ ಅಲೆಯ ತುದಿಗಳನ್ನು ಕತ್ತರಿಸತೊಡಗುತ್ತದೆ. ಆ ಕತ್ತರಿಸಿದ ಅಲೆಯ ಹೆಚ್ಚುವರಿ ಶಕ್ತಿ ಸ್ಪೀಕರಿನಲ್ಲಿ ಏರುದನಿ ಹೊರಡಿಸುವ ಟ್ವೀಟರಿಗೆ ಹೋಗಿ ಅದರ ಸುರುಳಿ ಸುಡುತ್ತದೆ. ಬಾಸ್ ನಾಬನ್ನು ನಡುವಿನಲ್ಲೇ ಬಿಡಿ. ದನಿ ಒರಟಾದ ಕೂಡಲೇ ಇಳಿಸಿ. ಮಳೆ ಬಿಡದಿದ್ದರೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನೇ ಸರಿ.

ಸ್ಪೀಕರುಗಳನ್ನು ಗೋಡೆಗೆ ಒತ್ತಿ ಇಡಬಾರದು, ಎರಡಡಿ ಮುಂದಿರಲಿ. ಎರಡರ ನಡುವೆ ಆರಡಿ, ಕೂರುವ ಜಾಗಕ್ಕೂ ಆರಡಿ. ಮೂಲೆಗೆ ತಳ್ಳಿದರೆ ಬಾಸ್ ಉಬ್ಬಿ ‘ಕಶ್ಮೀರ್’ ಹಾಡು ಕೆಸರಾಗುತ್ತದೆ. ಹಳೆಯ ಮನೆಗಳ ಹಲಗೆ ನೆಲದ ಮೇಲೆ ಟರ್ನ್‌ಟೇಬಲ್ ಬೇಡ, ನಡೆದರೆ ಮುಳ್ಳು ಕುಣಿಯುತ್ತದೆ. ಗೋಡೆಗೆ ಹೊಡೆದ ಗಟ್ಟಿ ಶೆಲ್ಫೇ ಅದಕ್ಕೆ ತಕ್ಕ ಜಾಗ.

ಇದರ ಬ್ಲೂ-ರೇ ವಿಡಿಯೋ ಡಿಸ್ಕ್ ಇದ್ದವರು ಟಿವಿಯ ಆಪ್ಟಿಕಲ್ ತಂತಿಯಿಂದ ಶಬ್ದ ತೆಗೆಯುವಾಗ ಎಚ್ಚರ. ಎಷ್ಟೋ ಟಿವಿಗಳು ಡಿಟಿಎಸ್ ಎಂಬ ಬಹು-ಸ್ಪೀಕರ್ ಶಬ್ದರೂಪವನ್ನು ದಾಟಿಸುವುದಿಲ್ಲ, ಚಿತ್ರ ಓಡುತ್ತದೆ, ಸದ್ದಿರುವುದಿಲ್ಲ. ಡಿಸ್ಕಿನ ಮೆನುವಿನಲ್ಲಿ ಸ್ಟೀರಿಯೋ ಆರಿಸಿಕೊಳ್ಳಿ. ಎರಡೇ ಸ್ಪೀಕರ್ ಇರುವ ಮನೆಗೆ ಹೇಗೂ ಅದೇ ಒಳ್ಳೆಯದು.

ವಿನೈಲ್ ಪ್ಲೇಟು ಕೊಂಡವರಲ್ಲಿ ಕೆಲವರಿಗೆ ಹಾಡು ತಗ್ಗಿದಂತೆ ಕೇಳಿ, ಟರ್ನ್‌ಟೇಬಲ್ ತಿರುಗಿಸುವ ಬೆಲ್ಟ್ ಸಡಿಲಾಗಿದೆ ಅನ್ನಿಸಬಹುದು. ಗಾಯಕ ರಾಬರ್ಟ್ ಪ್ಲಾಂಟ್‌ಗೆ ಆಗ 59 ವರ್ಷ; ‘ಸ್ಟೇರ್‌ವೇ ಟು ಹೆವನ್’ ಸೇರಿ ಕೆಲವು ಹಾಡುಗಳನ್ನು ಮೂಲಕ್ಕಿಂತ ಕೆಳಗಿನ ಶ್ರುತಿಯಲ್ಲೇ ನುಡಿಸಿದ್ದಾರೆ. ನನ್ನ ಮಟ್ಟಿಗೆ ಅದು ಕೊರತೆಯಲ್ಲ, ಹಾಡಿನ ತೂಕ ಹೆಚ್ಚಿದೆ. ಅನುಮಾನ ಉಳಿದರೆ ಪ್ಲೇಟಿನ ಲೇಬಲ್ ಮೇಲೆ ಕಾಗದದ ಚೂರು ಇಟ್ಟು ಸುತ್ತು ಎಣಿಸಿ: 3 ನಿಮಿಷಕ್ಕೆ ಸರಿಯಾಗಿ 100 ಸುತ್ತು ಬಂದರೆ ಯಂತ್ರ ಸರಿಯಿದೆ.

ಬೂಷ್ಟಿನದು ದೊಡ್ಡ ಕಾಟ. ಗಾಳಿಯ ತೇವಾಂಶ ಶೇ 70 ದಾಟಿದ ಮೇಲೆ ಕಾಗದದ ಒಳಚೀಲದಲ್ಲೇ ಅದು ಹುಟ್ಟಿ ಪ್ಲೇಟಿಗೆ ಹಬ್ಬುತ್ತದೆ. ಒಳಚೀಲವನ್ನು ಪ್ಲಾಸ್ಟಿಕ್ಕಿನದಕ್ಕೆ ಬದಲಿಸಿ. ಪ್ಲೇಟುಗಳನ್ನು ನೆಟ್ಟಗೆ ನಿಲ್ಲಿಸಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿಡಿ. ಸಿಲಿಕಾ ಜೆಲ್ ಹಾಕಿದರೆ ಆಗಾಗ ಬಿಸಿಮಾಡಿ ಒಣಗಿಸಬೇಕು, ಇಲ್ಲದಿದ್ದರೆ ಅದು ತೇವ ಹೀರುವುದನ್ನೇ ನಿಲ್ಲಿಸುತ್ತದೆ. ಈಗಾಗಲೇ ಬೂಷ್ಟು ಹಿಡಿದಿದ್ದರೆ ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಗೆರೆಯೊಳಕ್ಕೇ ಕೂರುತ್ತದೆ. ಮೂರು ಪಾಲು ಡಿಸ್ಟಿಲ್ಡ್ ನೀರಿಗೆ ಒಂದು ಪಾಲು ಐಸೋಪ್ರೊಪೈಲ್ ಆಲ್ಕೋಹಾಲ್ ಬೆರೆಸಿ, ಮೆತ್ತನೆಯ ಬ್ರಷ್‌ನಿಂದ ಗೆರೆಯ ಗುಂಟ ತೊಳೆದು, ಲೇಬಲ್ ನೆನೆಯದಂತೆ ಒರಸಿ ನೆರಳಲ್ಲಿ ಒಣಗಿಸಿ. ಅಟ್ಟದಲ್ಲಿ ಸಿಗುವ ಹಳೆಯ 78 ವೇಗದ ಅರಗಿನ ಪ್ಲೇಟುಗಳಿಗೆ ಮಾತ್ರ ಈ ದ್ರಾವಣ ಸೋಕಿಸಲೇಬಾರದು. ಆಲ್ಕೋಹಾಲ್ ಅರಗನ್ನೇ ಕರಗಿಸುತ್ತದೆ.

ಕರೆಂಟು ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಓಡಿಸಿದರೆ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ. ಸೈನ್ ವೇವ್‌ನದೇ ಬೇಕು. ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದ್ದು ಸಾಲದು. ಪ್ಲಗ್ ಕಿತ್ತಿಡಿ, ಡಿಶ್ ಕೇಬಲನ್ನೂ ಬಿಚ್ಚಿ.