ಧರ್ಮಸ್ಥಳ ಪಾದಯಾತ್ರೆಗೆ ಎಂಥ ಶೂ ಬೇಕು: ಬೆಂಗಳೂರಿನಿಂದ ಚಾರ್ಮಾಡಿ ಇಳಿದು ಹೋದ ಅನುಭವ

ಮಹಾಶಿವರಾತ್ರಿಯ ಹೊತ್ತಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆದುಕೊಂಡೇ ಹೋಗುವ ಭಕ್ತರು ಪ್ರತಿವರ್ಷ ಸಾವಿರಗಟ್ಟಲೆ ಇರುತ್ತಾರೆ. ನಮ್ಮ ತಂಡ ಹಿಡಿದದ್ದು ಬಹುತೇಕರು ಹಿಡಿಯುವ ದಾರಿಯನ್ನೇ: ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಆಮೇಲೆ ಚಾರ್ಮಾಡಿ ಘಾಟಿ ಇಳಿದು ಉಜಿರೆ. ಒಟ್ಟು ಸುಮಾರು 300 ಕಿ.ಮೀ. ಈ ದಾರಿಯಲ್ಲಿ ಊಟಕ್ಕೂ ನೀರಿಗೂ ಅಷ್ಟಾಗಿ ಚಿಂತಿಸಬೇಕಾಗಿಲ್ಲ. ಪಾನಕ, ಮಜ್ಜಿಗೆ, ಕಲ್ಲಂಗಡಿ ಹೋಳು ಹಿಡಿದು ಕರೆದು ಕೊಡುವ ಮಂದಿ ಊರೂರಿಗೆ ಸಿಗುತ್ತಾರೆ. ಮಲಗಲು ಶಾಲೆಯ ಜಗಲಿಯೋ ಕಲ್ಯಾಣ ಮಂಟಪವೋ ಹೇಗೋ ದೊರೆಯುತ್ತದೆ. ಆದರೆ ಪಾದ ಕೈಕೊಟ್ಟರೆ ಆ ನೆರವು ಯಾವುದೂ ಸಾಲುವುದಿಲ್ಲ. ಅರ್ಧದಾರಿಯಲ್ಲಿ ಬಸ್ಸು ಹತ್ತಿದವರಲ್ಲಿ ನಾನು ಮಾತನಾಡಿಸಿದ ಹೆಚ್ಚಿನವರಿಗೆ ಮೈಯಲ್ಲಿ ಶಕ್ತಿ ಇತ್ತು, ಮನಸ್ಸೂ ಇತ್ತು. ನಿಲ್ಲಿಸಿದ್ದು ಅಂಗಾಲಿನ ಬೊಬ್ಬೆ ಅಥವಾ ಹಿಮ್ಮಡಿಯ ನೋವು. ಆದ್ದರಿಂದ ಮುಂದಿನ ಶಿವರಾತ್ರಿಗೆ ಹೊರಡಬೇಕೆಂದಿರುವವರಿಗೆ ಶೂ ಆಯ್ಕೆಯ ಬಗ್ಗೆಯೇ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಈ ನಡಿಗೆ ಪಾದಕ್ಕೆ ಏನು ಮಾಡುತ್ತದೆ ಎಂಬುದನ್ನು ತಿಳಿಯಬೇಕು. ಒಂದು ಹೆಜ್ಜೆಗೆ 70 ಸೆಂ.ಮೀ. ಎಂದು ಲೆಕ್ಕ ಹಿಡಿದರೂ 300 ಕಿ.ಮೀ.ಗೆ ನಾಲ್ಕು ಲಕ್ಷಕ್ಕಿಂತ ಹೆಚ್ಚು ಹೆಜ್ಜೆಗಳಾಗುತ್ತವೆ, ಅದೂ ಬಹುಪಾಲು ಗಟ್ಟಿ ಡಾಂಬರಿನ ಮೇಲೆ. ಓಡುವಾಗ ಪ್ರತಿ ಹೆಜ್ಜೆಗೂ ದೇಹತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ನಡೆಯುವಾಗ ಅದು ದೇಹತೂಕಕ್ಕಿಂತ ತುಸು ಹೆಚ್ಚು, ಅಷ್ಟೆ. ಹಾಗಾಗಿ ಇಲ್ಲಿ ಕಾಡುವುದು ಹೊಡೆತದ ಜೋರಿಗಿಂತ ಅದರ ದೀರ್ಘತೆ. ಓಟಗಾರರು ಬೆಳಿಗ್ಗೆ ಒಂದು ಗಂಟೆ ಓಡಿ ಶೂ ಬಿಚ್ಚಿಡುತ್ತಾರೆ, ಪಾದಯಾತ್ರಿಯ ಕಾಲು ದಿನಕ್ಕೆ ಎಂಟು ಹತ್ತು ಗಂಟೆ ಶೂ ಒಳಗೇ ಇರುತ್ತದೆ. ಬಿಸಿಲು ಏರಿದಂತೆ ಪಾದ ಊದಿಕೊಳ್ಳುತ್ತದೆ, ಬೆವರುತ್ತದೆ, ಚರ್ಮ ಮೆದುವಾಗುತ್ತದೆ, ಮೆದುವಾದ ಚರ್ಮ ಬಟ್ಟೆಗೆ ತಿಕ್ಕಿ ತಿಕ್ಕಿ ನೀರುಗುಳ್ಳೆ ಏಳುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಹಾಕಿ ನೋಡಿ ಹಿತವೆನಿಸಿದ ಶೂ ಹಾಸನ ದಾಟುವ ಹೊತ್ತಿಗೂ ಹಿತವಾಗಿರುತ್ತದೆಯೇ ಎಂಬುದೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ರಸ್ತೆಯ ಮೇಲೆ ನಡೆಯುವುದಕ್ಕೆ ರಸ್ತೆ ಓಟದ ಶೂ, ಅಂದರೆ ಸಾಮಾನ್ಯ ರನ್ನಿಂಗ್ ಶೂ, ಅತ್ಯಂತ ಸೂಕ್ತವೆಂಬುದು ನನ್ನ ಖಚಿತ ಅಭಿಪ್ರಾಯ. ಚಾರಣದ ಎತ್ತರದ ಬೂಟು ಭಾರ, ಸೆಖೆ ಬೇರೆ. ಕಾಡುದಾರಿಗೆಂದು ಮಾಡಿದ ಟ್ರೈಲ್ ಶೂಗಳ ಅಡಿಯ ಮುಳ್ಳುಹಲ್ಲುಗಳು ಡಾಂಬರಿನ ಮೇಲೆ ಬೇಗ ಸವೆಯುತ್ತವೆ. ಓಟದ ಸ್ಪರ್ಧೆಗೆಂದು ಮಾಡಿದ, ಒಳಗೆ ಕಾರ್ಬನ್ ಪಟ್ಟಿ ಇರುವ ದುಬಾರಿ ಶೂಗಳನ್ನು ಈ ಕೆಲಸಕ್ಕೆ ಕೊಳ್ಳಲೇಬೇಡಿ. ಅವು ವೇಗಕ್ಕಾಗಿ ಹುಟ್ಟಿದವು, ಬಾಳಿಕೆ ಕಡಿಮೆ, ನಿಧಾನದ ನಡಿಗೆಯಲ್ಲಿ ಸ್ಥಿರತೆಯೂ ಕಡಿಮೆ. ದಿನನಿತ್ಯದ ಅಭ್ಯಾಸಕ್ಕೆಂದು ತಯಾರಾಗುವ, ಹಿಮ್ಮಡಿಯಡಿ ದಪ್ಪ ಕುಷನ್ ಇರುವ ಶೂಗಳ ಸಾಲಿನಲ್ಲೇ ನಿಮ್ಮ ಆಯ್ಕೆ ಇರಲಿ.

ಈ ಸಾಲಿನಲ್ಲಿ ಎರಡು ಬಗೆ. ಒಂದು ಎಲ್ಲ ಕಡೆಗೂ ಸಮನಾಗಿ ಮೆತ್ತೆ ಇರುವ ಸಾಧಾರಣ ಶೂ. ಬ್ರೂಕ್ಸ್ ಘೋಸ್ಟ್, ನೈಕಿ ಪೆಗಾಸಸ್ ಇಂಥವು. ಇನ್ನೊಂದು, ಪಾದ ಒಳಬದಿಗೆ ಅತಿಯಾಗಿ ವಾಲದಂತೆ ಆಧಾರ ಕೊಡುವ ಶೂ. 1993ರಿಂದ ಬರುತ್ತಿರುವ ಆಸಿಕ್ಸ್‌ನ ಜೆಲ್ ಕಯಾನೊ, ಬ್ರೂಕ್ಸ್ ಅಡ್ರಿನಲಿನ್, ನ್ಯೂ ಬ್ಯಾಲೆನ್ಸ್ 860 ಈ ಗುಂಪಿನವು. ಹಿಂದೆ ಇವುಗಳ ಒಳಬದಿಗೆ ಬೇರೆ ಬಣ್ಣದ ಗಟ್ಟಿ ಫೋಮಿನ ತುಂಡು ಸೇರಿಸುತ್ತಿದ್ದರು. ಈಗ ಹಲವು ಕಂಪನಿಗಳು ಅದನ್ನು ಬಿಟ್ಟು, ಅಡಿಯನ್ನು ಅಗಲಗೊಳಿಸಿ, ಹಿಮ್ಮಡಿಯ ಎರಡೂ ಪಕ್ಕದಲ್ಲಿ ಫೋಮಿನ ಅಂಚನ್ನು ಎತ್ತರಿಸಿ ಅದೇ ಆಧಾರವನ್ನು ಹೆಚ್ಚು ಮೃದುವಾಗಿ ಕೊಡುತ್ತಿವೆ. ಚಪ್ಪಟೆ ಪಾದದವರಿಗೆ ಆಧಾರದ ಶೂ, ಕಮಾನು ಹೆಚ್ಚಿರುವವರಿಗೆ ಮೆತ್ತನೆಯ ಶೂ ಎಂಬ ಸೂತ್ರವನ್ನು ಅಂಗಡಿಗಳಲ್ಲಿ ಕೇಳಿರುತ್ತೀರಿ. ಅಮೆರಿಕದ ಸೇನಾ ತರಬೇತಿ ಪಡೆಯುವವರ ಮೇಲೆ ನಡೆದು 2009 ಮತ್ತು 2010ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ, ಅಂಗಾಲಿನ ಆಕಾರ ನೋಡಿ ಶೂ ಹಂಚಿದ್ದರಿಂದ ಗಾಯಗಳೇನೂ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೊ ನಿಗ್ ಮತ್ತು ಸಹಲೇಖಕರು 2015ರ ಲೇಖನವೊಂದರಲ್ಲಿ, ಧರಿಸಿದವರಿಗೆ ಹಿತವೆನಿಸುವುದನ್ನೇ ಆಯ್ಕೆಯ ಮುಖ್ಯ ಅಳತೆಯಾಗಿ ಇಟ್ಟುಕೊಳ್ಳಬೇಕೆಂದು ವಾದಿಸಿದರು. ಆದ್ದರಿಂದ ಸೂತ್ರಕ್ಕೆ ಅಂಟಿಕೊಳ್ಳದೆ ಎರಡೂ ಬಗೆಯದನ್ನು ಹಾಕಿ ನಡೆದು ನೋಡಿ. ನನ್ನ ಮಟ್ಟಿಗೆ ಹೇಳುವುದಾದರೆ, ಸಂಜೆ ದಣಿದ ಕಾಲು ಒಳಗೆ ವಾಲತೊಡಗುತ್ತದೆ, ಆ ಹೊತ್ತಿನಲ್ಲಿ ಅಗಲ ಅಡಿಯ, ಆಧಾರವುಳ್ಳ ಶೂ ಮೊಣಕಾಲಿಗೆ ಬಹಳ ನೆಮ್ಮದಿ ಕೊಟ್ಟಿತು.

ಮೆತ್ತಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆಯನ್ನು ಮಾತ್ರ ಅಂಗಡಿಯ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಬೇಕು. ಅತಿ ಮೃದುವಾದ ಫೋಮು ಹೊಸ ಹತ್ತಿ ಹಾಸಿಗೆಯ ಹಾಗೆ, ಮೊದಲ ದಿನ ಸುಖ, ದಿನವಿಡೀ ತೂಕ ಬಿದ್ದಂತೆ ಅಮುಕಿ ಹೋಗುತ್ತದೆ. ಸಾಮಾನ್ಯವಾಗಿ ಬಳಸುವ ಇವಿಎ ಎಂಬ ಫೋಮಿನ ಒಳಗೆ ಸಣ್ಣ ಸಣ್ಣ ಗಾಳಿಗೂಡುಗಳಿವೆ. ಒತ್ತಡಕ್ಕೆ ಅವು ಕುಗ್ಗುತ್ತವೆ, ಬಿಡುವು ಸಿಕ್ಕಾಗ ಬಹುಮಟ್ಟಿಗೆ ಅರಳುತ್ತವೆ, ಕಾಲಕ್ರಮದಲ್ಲಿ ಕುಗ್ಗಿದಂತೆಯೇ ಉಳಿದುಬಿಡುತ್ತವೆ. ಪಾದಯಾತ್ರೆಯಲ್ಲಿ ಫೋಮಿಗೆ ಸಿಗುವ ಬಿಡುವು ರಾತ್ರಿಯ ಕೆಲವು ಗಂಟೆ ಮಾತ್ರ. ಹೆಬ್ಬೆರಳಿನಿಂದ ಅಡಿಯ ಪಕ್ಕವನ್ನು ಒತ್ತಿದಾಗ ತುಸು ಬಗ್ಗಿ ತಕ್ಷಣ ಮೊದಲಿನಂತಾಗುವ, ಮಧ್ಯಮ ಗಟ್ಟಿತನದ್ದನ್ನು ಆರಿಸಿ. ಬಹಳ ಎತ್ತರದ ಅಡಿಯ ಶೂಗಳ ಬಗ್ಗೆಯೂ ಎಚ್ಚರ ಬೇಕು. ಲಾರಿ ಬಂದಾಗಲೆಲ್ಲ ಡಾಂಬರಿನಿಂದ ಪಕ್ಕದ ಜಲ್ಲಿಗೆ ಇಳಿಯಬೇಕಾದ ಈ ದಾರಿಯಲ್ಲಿ ಎತ್ತರದ ಮೆತ್ತೆಯ ಮೇಲೆ ನಿಂತ ಕಾಲು ಸುಲಭವಾಗಿ ಉಳುಕುತ್ತದೆ.

ಕೈಯಲ್ಲೇ ಮಾಡಬಹುದಾದ ಪರೀಕ್ಷೆಗಳಿವೆ. ಹಿಮ್ಮಡಿಯ ಹಿಂಭಾಗವನ್ನು ಎರಡು ಬೆರಳಿನಿಂದ ಒತ್ತಿ, ಅದು ಕುಸಿಯದೆ ಗಟ್ಟಿಯಾಗಿ ನಿಲ್ಲಬೇಕು. ಶೂವನ್ನು ಎರಡೂ ತುದಿಯಲ್ಲಿ ಹಿಡಿದು ಬಗ್ಗಿಸಿದರೆ ಬೆರಳುಗಳ ಬುಡದಲ್ಲಿ ಬಗ್ಗಬೇಕು, ನಟ್ಟನಡುವೆ ಮಡಚಿಕೊಂಡರೆ ಆಧಾರ ಸಾಲದು. ಬಟ್ಟೆ ಹಿಂಡಿದಂತೆ ತಿರುಚಿದಾಗ ಸ್ವಲ್ಪ ಪ್ರತಿರೋಧ ಇರಬೇಕು. ಅಡಿಯನ್ನು ತಿರುವಿ ನೋಡಿ: ಹಿಮ್ಮಡಿಯ ಹೊರ ಅಂಚಿನಲ್ಲಿ ಗಟ್ಟಿ ರಬ್ಬರಿನ ಹೊದಿಕೆ ಇರಲೇಬೇಕು, ಏಕೆಂದರೆ ನಡೆಯುವವರಲ್ಲಿ ಮೊದಲು ಸವೆಯುವುದು ಅದೇ ಮೂಲೆ. ತೂಕ ಉಳಿಸಲು ರಬ್ಬರನ್ನು ಕಡಿಮೆ ಮಾಡಿ ಫೋಮನ್ನೇ ನೆಲಕ್ಕೆ ತಾಗುವಂತೆ ಬಿಟ್ಟ ಶೂಗಳು ಡಾಂಬರಿಗೆ ಬೇಗ ಸೋಲುತ್ತವೆ. ಒಳ್ಳೆಯ ಶೂ ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬಾಳುತ್ತದೆ ಎನ್ನುತ್ತಾರೆ, ಅಭ್ಯಾಸದ ನಡಿಗೆ ಮತ್ತು ಯಾತ್ರೆ ಎರಡೂ ಸೇರಿದರೆ ಒಂದು ಜೊತೆಯ ಆಯುಷ್ಯದ ಬಹುಪಾಲು ಇದರಲ್ಲೇ ಕಳೆಯುತ್ತದೆ. ಈಗಾಗಲೇ ವರ್ಷಗಟ್ಟಲೆ ಹಾಕಿದ ಹಳೆಯ ಜೊತೆಯನ್ನು ಯಾತ್ರೆಗೆ ಒಯ್ಯುವುದು ಬೇಡ.

ಅಳತೆಯ ವಿಷಯದಲ್ಲಿ ಸಂಕೋಚ ಬೇಡ. ಸಂಜೆ ಹೊತ್ತು, ಕಾಲು ತುಸು ಊದಿರುವಾಗ, ಯಾತ್ರೆಗೆ ಹಾಕಲಿರುವ ಕಾಲುಚೀಲವನ್ನೇ ತೊಟ್ಟು ಅಂಗಡಿಗೆ ಹೋಗಿ. ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಎರಡೂ ಪಾದ ಸಮವಾಗಿರದಿದ್ದರೆ ದೊಡ್ಡದಕ್ಕೆ ಹೊಂದುವುದನ್ನು ಕೊಳ್ಳಿ. ಚಿಕ್ಕಂದಿನಿಂದ ಚಪ್ಪಲಿಯಲ್ಲೋ ಬರಿಗಾಲಿನಲ್ಲೋ ಓಡಾಡಿದವರಲ್ಲಿ ಅನೇಕರ ಪಾದ ಬೆರಳುಗಳ ಕಡೆಗೆ ಅಗಲವಾಗಿರುತ್ತದೆ. ಅಂಥವರು ಉದ್ದ ಹೆಚ್ಚಿಸಿಕೊಳ್ಳುವುದಕ್ಕಿಂತ ಅಗಲ ಹೆಚ್ಚಿರುವ ಅಚ್ಚಿನ ಶೂ ಕೇಳುವುದು ಒಳ್ಳೆಯದು. ಗಂಡಸರ ಶೂಗಳಲ್ಲಿ 2ಇ, ಇನ್ನೂ ಅಗಲದ್ದಾದರೆ 4ಇ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಒಂದು ಕಂಪನಿಯ ಎಂಟು ಇನ್ನೊಂದರ ಎಂಟಕ್ಕೆ ಸಮವಲ್ಲದ ಕಾರಣ ಪಾದದ ಉದ್ದವನ್ನು ಸೆಂಟಿಮೀಟರಿನಲ್ಲಿ ತಿಳಿದುಕೊಂಡಿರಿ. ಹೆಸರಾಂತ ಕಂಪನಿಗಳ ಆಧಾರದ ಶೂಗಳು ಹತ್ತು ಸಾವಿರ ರೂಪಾಯಿ ದಾಟುತ್ತವೆ. ಹಿಂದಿನ ವರ್ಷದ ಮಾದರಿ ರಿಯಾಯಿತಿಯಲ್ಲಿ ಸಿಕ್ಕರೆ ಧೈರ್ಯವಾಗಿ ಕೊಳ್ಳಬಹುದು. ರಸ್ತೆಬದಿಯಲ್ಲಿ ಅದೇ ಹೆಸರು ಹೊತ್ತು ಬರುವ ನಕಲಿಗಳನ್ನು ಈ ದೂರಕ್ಕೆ ನಂಬಬಾರದು.

ಹೊಸ ಶೂ ತೊಟ್ಟು ನೇರವಾಗಿ ಹೊರಡುವುದು ಅತ್ಯಂತ ಅಪಾಯದ ಕೆಲಸ. ಒಂದೂವರೆ ಎರಡು ತಿಂಗಳು ಮುಂಚೆಯೇ ಕೊಂಡು, ಬೆಳಗಿನ ನಡಿಗೆಯನ್ನು ಮೆಲ್ಲನೆ ಹೆಚ್ಚಿಸುತ್ತಾ, ಸತತ ಎರಡು ದಿನ ಇಪ್ಪತ್ತು ಕಿ.ಮೀ. ದಾಟುವ ನಡಿಗೆಯನ್ನಾದರೂ ಅದೇ ಶೂನಲ್ಲಿ ಮಾಡಿ ನೋಡಿ. ತೊಂದರೆ ಇದ್ದರೆ ಎರಡನೆಯ ದಿನವೇ ಗೊತ್ತಾಗುತ್ತದೆ. ಕಾಲುಚೀಲ ಶೂನಷ್ಟೇ ಮುಖ್ಯ: ಹತ್ತಿಯದು ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ಬೇಗ ಒಣಗುವ ಪಾಲಿಯೆಸ್ಟರ್ ಮಿಶ್ರಣದ್ದು ಅಥವಾ ಮೆರಿನೊ ಉಣ್ಣೆಯದು ಒಯ್ಯಿರಿ. ಮಧ್ಯಾಹ್ನದ ವಿಶ್ರಾಂತಿಯಲ್ಲಿ ಕಾಲುಚೀಲ ಬದಲಿಸಿ, ಬಿಚ್ಚಿದ್ದನ್ನು ಬೆನ್ನಿನ ಚೀಲದ ಹೊರಗೆ ಪಿನ್ನು ಹಾಕಿ ಒಣಗಲು ಬಿಟ್ಟರೆ ಸಂಜೆಗೆ ಸಿದ್ಧ. ಹೊರಡುವ ಮುಂಚೆ ಬೆರಳುಗಳ ಸಂದಿಗೂ ಹಿಮ್ಮಡಿಗೂ ವ್ಯಾಸಲೀನ್ ಹಚ್ಚುವುದನ್ನು ನಮ್ಮ ತಂಡದ ಹಿರಿಯರೊಬ್ಬರು ಎಲ್ಲರಿಗೂ ರೂಢಿ ಮಾಡಿಸಿದ್ದರು, ಅದರಿಂದ ಬಹಳ ಉಪಕಾರವಾಯಿತು. ಎಲ್ಲಾದರೂ ಉರಿ ಕಂಡ ಕೂಡಲೇ ನಿಂತು ಟೇಪು ಅಂಟಿಸಿ. ಮುಂದಿನ ಊರಿನವರೆಗೆ ತಡೆದುಕೊಳ್ಳೋಣ ಎಂದುಕೊಂಡರೆ ಅಷ್ಟರಲ್ಲಿ ಗುಳ್ಳೆ ಎದ್ದಿರುತ್ತದೆ.

ಹಾಸನದವರೆಗಿನ ಹೆದ್ದಾರಿ ಅಗಲ, ನೆರಳು ಕಡಿಮೆ. ಬೆಳಗಿನ ಜಾವ ಮತ್ತು ಇಳಿಹೊತ್ತು ನಡೆಯುವುದೇ ಸರಿ. ಎದುರಿನಿಂದ ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ನಡೆಯಿರಿ, ಕತ್ತಲಲ್ಲಿ ಬೆಳಕು ಪ್ರತಿಫಲಿಸುವ ಪಟ್ಟಿ ಹಾಕಿಕೊಳ್ಳಿ. ರಸ್ತೆಯ ಅಂಚು ನೀರು ಹರಿಯಲೆಂದು ಇಳಿಜಾರಾಗಿರುವುದರಿಂದ ದಿನವಿಡೀ ಒಂದು ಕಾಲು ತಗ್ಗಿನಲ್ಲೇ ಬೀಳುತ್ತದೆ. ಸಮತಟ್ಟಾದ ಮಣ್ಣಿನ ಬದಿ ಸಿಕ್ಕಾಗಲೆಲ್ಲ ಅಲ್ಲಿಗೆ ಇಳಿಯುವುದು ಸೊಂಟಕ್ಕೂ ಮೊಣಕಾಲಿಗೂ ಒಳ್ಳೆಯದು. ಬೇಲೂರು, ಮೂಡಿಗೆರೆಯ ಕಾಫಿ ತೋಟಗಳ ಸೀಮೆಯಲ್ಲಿ ಕಾಡಾನೆಗಳ ಓಡಾಟವಿದೆ. ಅಲ್ಲಿ ಕತ್ತಲೆಯಲ್ಲಿ ಒಬ್ಬೊಬ್ಬರೇ ನಡೆಯದೆ ಅರಣ್ಯ ಇಲಾಖೆಯವರ ಸೂಚನೆಯಂತೆ ನಡೆದುಕೊಳ್ಳಬೇಕು.

ಶೂನ ನಿಜವಾದ ಪರೀಕ್ಷೆ ಚಾರ್ಮಾಡಿಯಲ್ಲಿ. ಕೊಟ್ಟಿಗೆಹಾರದ ಮಂಜು, ತಂಪು ಗಾಳಿ ಬಿಟ್ಟು ಘಾಟಿಯ ತಿರುವುಗಳಲ್ಲಿ ಇಳಿಯತೊಡಗಿದರೆ ಪ್ರತಿ ಹೆಜ್ಜೆಗೂ ಪಾದ ಮುಂದಕ್ಕೆ ಜಾರಿ ಬೆರಳುಗಳು ಶೂನ ತುದಿಗೆ ಗುದ್ದುತ್ತವೆ. ಅನೇಕರ ಉಗುರು ಕಪ್ಪಾಗುವುದು ಇಲ್ಲಿಯೇ. ಇದಕ್ಕೆ ಪರಿಹಾರ ಲೇಸಿನಲ್ಲಿದೆ. ಶೂನ ಮೇಲ್ತುದಿಯಲ್ಲಿ, ಸಾಮಾನ್ಯವಾಗಿ ಯಾರೂ ಬಳಸದ ಇನ್ನೊಂದು ತೂತು ಇರುತ್ತದೆ. ಲೇಸನ್ನು ಅದೇ ಬದಿಯ ಆ ತೂತಿಗೆ ಪೋಣಿಸಿ ಎರಡೂ ಕಡೆ ಚಿಕ್ಕ ಕುಣಿಕೆ ಮಾಡಿ, ಎಡದ ಲೇಸನ್ನು ಬಲದ ಕುಣಿಕೆಯಲ್ಲೂ ಬಲದ್ದನ್ನು ಎಡದ ಕುಣಿಕೆಯಲ್ಲೂ ತೂರಿಸಿ ಹಿಂದಕ್ಕೆ ಎಳೆದು ಕಟ್ಟಿದರೆ ಹಿಮ್ಮಡಿ ತನ್ನ ಜಾಗದಲ್ಲಿ ಭದ್ರವಾಗಿ ಕೂರುತ್ತದೆ. ಬೆರಳುಗಳ ಕಡೆ ಲೇಸು ಸಡಿಲವಾಗಿಯೇ ಇರಲಿ. ಉಗುರುಗಳನ್ನು ಹೊರಡುವ ಎರಡು ಮೂರು ದಿನ ಮೊದಲೇ ನೇರವಾಗಿ ಕತ್ತರಿಸಿರಬೇಕು. ದೊಡ್ಡ ಹೆಜ್ಜೆ ಹಾಕಿ ಧಡಧಡ ಇಳಿಯದೆ, ಮೊಣಕಾಲು ತುಸು ಬಗ್ಗಿಸಿ ಪುಟ್ಟ ಹೆಜ್ಜೆ ಇಡಿ. ಮಳೆ ಬಂದು ಶೂ ನೆನೆದರೆ ಒಳಗಿನ ಹಾಸು ತೆಗೆದು ಹಳೆಯ ದಿನಪತ್ರಿಕೆ ತುರುಕಿ ಗಾಳಿಗಿಡಿ, ಒಲೆಯ ಪಕ್ಕ ಇಟ್ಟರೆ ಅಂಟು ಬಿಟ್ಟುಕೊಳ್ಳುತ್ತದೆ.

ಬರಿಗಾಲಿನಲ್ಲೇ ಬರುತ್ತೇನೆಂದು ಹರಕೆ ಹೊತ್ತವರು ದಾರಿಯುದ್ದಕ್ಕೂ ಕಾಣುತ್ತಾರೆ. ಅವರ ನಿಷ್ಠೆಗೆ ನಾನು ಕೈಮುಗಿಯುತ್ತೇನೆ, ಅದನ್ನು ಬಿಡಿ ಎಂದು ಹೇಳುವ ಅಧಿಕಾರ ನನಗಿಲ್ಲ. ಹರಕೆ ಇಲ್ಲದವರು ಮಾತ್ರ ಶೂ ಹಾಕುವುದರಿಂದ ಭಕ್ತಿಗೆ ಕುಂದೆಂದು ಭಾವಿಸಬೇಕಾಗಿಲ್ಲ. ಸಕ್ಕರೆ ಕಾಯಿಲೆ ಇರುವವರ ವಿಷಯ ಬೇರೆ: ಪಾದದ ಸ್ಪರ್ಶಜ್ಞಾನ ಕುಂದಿದ್ದರೆ ಗಾಯವಾದದ್ದೇ ತಿಳಿಯುವುದಿಲ್ಲ, ಆ ಗಾಯ ಮಾಯುವುದೂ ತಡ. ಅವರು ವೈದ್ಯರ ಒಪ್ಪಿಗೆ ಪಡೆದೇ ಹೊರಡಬೇಕು, ಬರಿಗಾಲಿನಲ್ಲಿ ನಡೆಯಬಾರದು, ಪ್ರತಿ ರಾತ್ರಿ ಅಂಗಾಲನ್ನು ಮನೆಯವರಿಂದಲೋ ಕನ್ನಡಿ ಹಿಡಿದೋ ಪರೀಕ್ಷಿಸಬೇಕು.

ಉಜಿರೆಯಿಂದ ಮುಂದೆ ಹೆಚ್ಚು ದೂರವಿಲ್ಲ. ನೇತ್ರಾವತಿಯ ಸ್ನಾನಘಟ್ಟದಲ್ಲಿ ಮಿಂದು ದೇವಸ್ಥಾನದ ಕಡೆ ನಡೆಯುವಾಗ ಶೂ ಚೀಲಕ್ಕೆ ಸೇರಿಸಿ ಹಗುರ ಚಪ್ಪಲಿ ಹಾಕಿಕೊಳ್ಳಿ. ಶಿವರಾತ್ರಿಯ ಜನಸಂದಣಿಯಲ್ಲಿ ಹೊರಗೆ ಬಿಟ್ಟ ಶೂ ಹುಡುಕುವುದು ಕಷ್ಟ, ಊದಿದ ಪಾದಕ್ಕೂ ಗಾಳಿ ಬೇಕು. ಹಿಂದಿರುಗುವ ಬಸ್ಸಿನಲ್ಲೂ ಚಪ್ಪಲಿಯೇ ಇರಲಿ. ಮನೆ ತಲುಪಿದ ಮೇಲೆ ಶೂ ತೊಳೆದಿಡುವ ಮುಂಚೆ ಅಡಿ ತಿರುವಿ ಸವೆತ ನೋಡಿ. ಹಿಮ್ಮಡಿಯ ಹೊರಮೂಲೆ ಸವೆದಿದ್ದರೆ ಅದು ಸಹಜ. ಒಳ ಅಂಚು ಎದ್ದುಕಾಣುವಂತೆ ತೆಳುವಾಗಿ, ಜೊತೆಗೆ ಮೊಣಕಾಲಿನ ಒಳಬದಿಯೋ ಅಂಗಾಲಿನ ಕಮಾನೋ ನೋಯುತ್ತಿದ್ದರೆ ಮುಂದಿನ ಜೊತೆಯನ್ನು ಆಧಾರದ ಸಾಲಿನಿಂದ ಕೊಳ್ಳಿ, ಕೊಳ್ಳಲು ಹೋಗುವಾಗ ಹಳೆಯದನ್ನೂ ಒಯ್ದು ಅಂಗಡಿಯವರಿಗೆ ತೋರಿಸಿ. ನೋವು ಎರಡು ವಾರ ಕಳೆದರೂ ಇಳಿಯದಿದ್ದರೆ ಅದೇ ಜೊತೆಯನ್ನು ಫಿಸಿಯೋಥೆರಪಿಸ್ಟ್ ಬಳಿಗೂ ತೆಗೆದುಕೊಂಡು ಹೋಗಿ.