ಟ್ರ್ಯಾಕ್ ಬರೆಯಬೇಡಿ, ಗಡಿ ಕೆರೆಯಿರಿ

ಪಾಲಿಟೆಕ್ನಿಕ್ ಒಂದರ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಪ್ರಾಜೆಕ್ಟ್ ಸಮಯ ಬಂತೆಂದರೆ ಹುಡುಗರಿಗೆಲ್ಲ ಪಿಸಿಬಿ, ಅಂದರೆ ಬಿಡಿಭಾಗಗಳನ್ನು ತಾಮ್ರದಿಂದಲೇ ಜೋಡಿಸುವ ಸರ್ಕ್ಯೂಟ್ ಬೋರ್ಡ್ ಬೇಕು, ಅದೂ ನಾಳೆಯೇ. ಹೊರಗೆ ಮಾಡಿಸಿದರೆ ಅಚ್ಚುಕಟ್ಟಾಗಿ ಬರುತ್ತದೆ ನಿಜ, ಆದರೆ 7805 ಎಂಬ ಮೂರು ಕಾಲಿನ ವೋಲ್ಟೇಜ್ ರೆಗ್ಯುಲೇಟರ್ ಹಾಕಿದ ಐದು ವೋಲ್ಟಿನ ಸಪ್ಲೈಗೆ ಅಷ್ಟು ಕಾಯುವುದೇಕೆ? ಕಾಪರ್ ಬೋರ್ಡಿಗೆ ಪೇಂಟ್ ಬಳಿದು, ಬೇಡದ ಕಡೆ ಕೆರೆದು, ತಾಮ್ರವನ್ನು ಕರಗಿಸುವ ಫೆರಿಕ್ ಕ್ಲೋರೈಡ್ ದ್ರಾವಣಕ್ಕೆ ಹಾಕಿದರೆ ಮುಗಿಯಿತು.

ಹುಡುಗರು ತಬ್ಬಿಬ್ಬಾಗುವುದು ಕೆರೆಯುವಾಗಲೇ. ಮಾರ್ಕರ್‌ನಲ್ಲಿ ಟ್ರ್ಯಾಕ್, ಅಂದರೆ ಕರೆಂಟ್ ಹರಿಯುವ ತಾಮ್ರದ ದಾರಿ, ಬರೆದು ರೂಢಿಯಾದ ಕೈ, ಸೂಜಿ ಹಿಡಿದರೂ ಟ್ರ್ಯಾಕನ್ನೇ ಕೆರೆಯುತ್ತದೆ. ಕೆರೆದ ಜಾಗದ ತಾಮ್ರ ಕರಗಿ ಹೋಗುತ್ತದಲ್ಲ, ಉಳಿಯುವ ತಾಮ್ರದ ತುಂಡುಗಳು ಹೊಲಗಳಿದ್ದಂತೆ, ಇಲ್ಲಿ ಬರೆಯಬೇಕಾದ್ದು ಅವುಗಳ ನಡುವಿನ ಬದುವನ್ನು. 7805ರ ಕಾಲುಗಳು ಸಾಲಾಗಿ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. ಬೋರ್ಡಿನ ಮೇಲೆ ಎರಡು ಉದ್ದ ಗೀರು ಎಳೆದರೆ ಮೂರು ಭಾಗ ಸಿದ್ಧ. ಕೆಪಾಸಿಟರ್‌ಗಳು ಒಂದೊಂದು ಗೀರಿನ ಮೇಲೆ ಅಡ್ಡಲಾಗಿ ಕೂರುತ್ತವೆ. ಎಲ್‌ಇಡಿ ಬೇಕಿದ್ದರೆ ಅದಕ್ಕೂ ರೆಸಿಸ್ಟರಿಗೂ ನಡುವೆ ಇನ್ನೊಂದು ಪುಟ್ಟ ತುಂಡು ಬೇರ್ಪಡಿಸಿ, ಅಷ್ಟೆ. ಬಿಡಿಭಾಗಗಳನ್ನು ಆಚೆ ಬದಿಯಿಂದ ತೂರಿಸುವುದಾದರೆ ತಾಮ್ರದ ಕಡೆಯಿಂದ ನೋಡುವಾಗ ಎಡಬಲ ಅದಲುಬದಲಾಗುತ್ತದೆ. ಹಲವು ಕಾಲುಗಳ ಐಸಿ ಚಿಪ್ ಇದ್ದರಂತೂ ಮೊದಲೇ ಕಾಗದದ ಮೇಲೆ ಬರೆದುಕೊಳ್ಳಿ.

ಪೇಂಟಿನ ಹದ ಬಹಳ ಮುಖ್ಯ. ಹಸಿಯಿದ್ದಾಗ ಕೆರೆದರೆ ಮೆತ್ತಿಕೊಂಡು ಗೀರು ಮತ್ತೆ ಮುಚ್ಚುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ಕೆರೆದರೆ ಅಂಚಿನಲ್ಲಿ ಚಕ್ಕೆ ಏಳುತ್ತದೆ. ಮುಟ್ಟಿದರೆ ಅಂಟಬಾರದು, ಉಗುರು ಒತ್ತಿದರೆ ಗುರುತು ಮೂಡಬೇಕು, ಆಗ ಶುರುಮಾಡಿ. ಬಳಿಯುವ ಮುಂಚೆ ತಾಮ್ರವನ್ನು ಸ್ಟೀಲ್ ವೂಲ್‌ನಿಂದ ಉಜ್ಜಿ, ಆಮೇಲೆ ಬೆರಳು ತಾಗಿಸಬೇಡಿ. ಕೈಯ ಜಿಡ್ಡಿದ್ದ ಕಡೆ ಪೇಂಟ್ ಹಿಡಿಯುವುದಿಲ್ಲ. ಗೀರಿನುದ್ದಕ್ಕೂ ತಾಮ್ರ ಹೊಳೆಯಬೇಕು. ಕೂದಲೆಳೆಯಷ್ಟು ಪೇಂಟ್ ಉಳಿದರೂ ಅದರಡಿಯ ತಾಮ್ರ ಕರಗದೆ ಎರಡು ಭಾಗಗಳ ನಡುವೆ ಶಾರ್ಟ್ ಉಳಿಯುತ್ತದೆ.

ಈ ವಿಧಾನ ನನಗೆ ಹಿಡಿಸಲು ಇನ್ನೊಂದು ಕಾರಣವಿದೆ. ಸಾಮಾನ್ಯ ಬೋರ್ಡಿನಲ್ಲಿ ಹೆಚ್ಚಿನ ತಾಮ್ರ ಕರಗಬೇಕು, ಇಲ್ಲಿ ಗೀರುಗಳದ್ದು ಮಾತ್ರ. ಹಾಗಾಗಿ ಒಂದೇ ದ್ರಾವಣ ಎಷ್ಟೋ ಬೋರ್ಡುಗಳಿಗೆ ಬರುತ್ತದೆ. ಬಿಸಿನೀರಿನ ತಟ್ಟೆಯೊಳಗೆ ದ್ರಾವಣದ ಪ್ಲಾಸ್ಟಿಕ್ ಟ್ರೇ ಇಟ್ಟು ಅಲುಗಾಡಿಸುತ್ತಿದ್ದರೆ ತಾಮ್ರ ಬೇಗ ಕರಗುತ್ತದೆ. ಗೀರು ತೀರಾ ಸಣ್ಣದಾದರೆ ಗಾಳಿಗುಳ್ಳೆ ಕೂತು ದ್ರಾವಣ ಒಳಗಿಳಿಯುವುದಿಲ್ಲ, ಮೆತ್ತನೆ ಬ್ರಷ್ ಆಡಿಸಿ. ಗ್ಲಾಸ್ ಎಪಾಕ್ಸಿ ಬೋರ್ಡನ್ನು ತೊಳೆದು ಬೆಳಕಿಗೆ ಹಿಡಿದರೆ ಗೀರುಗಳು ಬೆಳಗುತ್ತವೆ. ಎಲ್ಲಿ ಕಪ್ಪಾಗಿದೆಯೋ ಅಲ್ಲಿ ತಾಮ್ರ ಉಳಿದಿದೆ, ಮತ್ತೆ ಮುಳುಗಿಸಿ. ಥಿನ್ನರಿನಿಂದ ಪೇಂಟ್ ತೆಗೆದ ಮೇಲೆ ಮಲ್ಟಿಮೀಟರಿನ ಬಜರ್ ಹಾಕಿ ಪಕ್ಕಪಕ್ಕದ ತುಂಡುಗಳನ್ನೆಲ್ಲ ನೋಡುವುದು ಕಡ್ಡಾಯ, ಸದ್ದು ಬಂದರೆ ಅಲ್ಲಿ ಶಾರ್ಟ್ ಇದೆ.

ದ್ರಾವಣ ಮಾಡುವಾಗ ನೀರಿಗೆ ಪುಡಿಯನ್ನು ಸ್ವಲ್ಪಸ್ವಲ್ಪವೇ ಹಾಕಬೇಕು, ಪುಡಿಗೆ ನೀರು ಸುರಿಯಬಾರದು, ಕುದಿಯುವಷ್ಟು ಬಿಸಿಯಾಗಬಹುದು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಅಲ್ಯೂಮಿನಿಯಂ ಪಾತ್ರೆ ಹತ್ತಿರಕ್ಕೂ ತರಬೇಡಿ. ಬಟ್ಟೆಗೆ ಬಿದ್ದ ಕಲೆ ಹೋಗುವುದಿಲ್ಲ, ಅಮ್ಮಂದಿರ ಬೈಗುಳ ಲ್ಯಾಬಿಗೇ ಬರುತ್ತದೆ. ಬಳಸಿದ ದ್ರಾವಣದಲ್ಲಿ ತಾಮ್ರ ಇರುವುದರಿಂದ ಅದನ್ನು ಸಿಂಕಿಗೆ ಸುರಿಯುವಂತಿಲ್ಲ. ನಾವು ಮುಚ್ಚಳದ ಕ್ಯಾನಿನಲ್ಲಿ ಬೇರೆ ಇಡುತ್ತೇವೆ.

230 ವೋಲ್ಟ್ ಬರುವ ಬೋರ್ಡನ್ನು ಮಾತ್ರ ಹೀಗೆ ಮಾಡಲು ನಾನು ಬಿಡುವುದಿಲ್ಲ. ಅರ್ಧ ಮಿಲಿಮೀಟರ್ ಗೀರಿನ ಆಚೀಚೆ ಲೈನ್, ನ್ಯೂಟ್ರಲ್ ಇಟ್ಟು ಯಾರೂ ನಿದ್ದೆ ಮಾಡಲಾಗದು. ಟ್ರಾನ್ಸ್‌ಫಾರ್ಮರ್ ಬೇರೆ ಡಬ್ಬಿಯಲ್ಲಿರಲಿ, ಬೋರ್ಡಿಗೆ ಬರುವುದು ಅದರ 9 ವೋಲ್ಟ್ ಮಾತ್ರ, ಅದೂ ಡಿಸಿಗೆ ಬದಲಾದ ಮೇಲೆ.